ಚಿತ್ರ ಬರೆಯುವವರು ಗ್ರಾಫಿಕ್ ಡಿಸೈನ್‌ಗೆ ಬಂದಾಗ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಗ್ರಾಫಿಕ್ ಡಿಸೈನ್ ಕೆಲಸ ಮಾಡುತ್ತಿರುವವರನ್ನು ವಿಚಾರಿಸಿದರೆ, ಮೊದಲಿನಿಂದಲೂ ಇದೇ ಕೆಲಸ ಎಂದು ಹೊರಟವರು ಕಡಿಮೆ. ಡ್ರಾಯಿಂಗ್ ಮೇಷ್ಟ್ರಾಗಬೇಕು ಎಂದಿದ್ದವರು, ಅಂಗಡಿ ಬೋರ್ಡ್ ಬರೆಯುತ್ತಿದ್ದವರು, ಫೋಟೋ ಸ್ಟುಡಿಯೊದಲ್ಲಿ ಟಚಪ್ ಮಾಡುತ್ತಿದ್ದವರು, ಡಿಟಿಪಿ ಸೆಂಟರಿಗೆ ಟೈಪ್ ಮಾಡಲು ಸೇರಿದವರು, ಮನೆಯಲ್ಲಿ ಮೈಸೂರು ಶೈಲಿಯ ದೇವರ ಪಟ ಬರೆಯುವುದನ್ನು ಕಲಿತವರು ಸುತ್ತಿ ಬಳಸಿ ಇಲ್ಲಿಗೆ ಬಂದಿರುತ್ತಾರೆ. ಇಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಅನ್ವಯಿಕ ಕಲೆಯ ವಿಭಾಗವೇ ಇದೆ. ಆದರೂ ಚಿತ್ರಕಲೆ, ಅಚ್ಚುಕಲೆ, ಶಿಲ್ಪ ಓದಿದವರೂ ಕೊನೆಗೆ ಹೊಟ್ಟೆಪಾಡಿಗೆ ಈ ಕಡೆ ತಿರುಗುವುದು ಮಾಮೂಲು. ಈ ಸುತ್ತು ದಾರಿಯ ಬಗ್ಗೆ ಯಾರೂ ಸಂಕೋಚಪಡಬೇಕಿಲ್ಲ. ಅದರಲ್ಲಿ ಏನು ಕೈಗೆ ಬರುತ್ತದೆ, ಏನು ಅಡ್ಡ ಬರುತ್ತದೆ ಎಂಬುದನ್ನು ಮಾತ್ರ ಖಚಿತವಾಗಿ ತಿಳಿದುಕೊಂಡಿರಬೇಕು.

ಚಿತ್ರಕಾರರಿಗೆ ಎದುರಿಗಿರುವ ಹಾಳೆಯೇ ಕೃತಿ. ಡಿಸೈನರಿಗೆ ಎದುರಿಗಿರುವುದು ಕೃತಿಯಾಗುವ ಮೊದಲಿನ ಸಾಮಗ್ರಿ, ಅಷ್ಟೇ. ಪ್ರೆಸ್ಸಿನಿಂದ ಸಾವಿರ ಪ್ರತಿ ಹೊರಬಿದ್ದಾಗಲೇ ಕೃತಿ ಮುಗಿಯುವುದು. ಚಿತ್ರ ಬಲ್ಲವರು ಈ ಕೆಲಸದಲ್ಲಿ ಎಡವುವ ಜಾಗಗಳೆಲ್ಲ ಈ ಎರಡರ ನಡುವೆ ಇವೆ. ಹಾಗಾಗಿ ಇವತ್ತಿನ ಮಾತು ಹೆಚ್ಚಾಗಿ ಆ ನಡುವಿನ ಜಾಗದ ಬಗ್ಗೆಯೇ.

ದಾರಿ ಹೇಗೆ ತಿರುಗುತ್ತದೆ ಎಂಬುದಕ್ಕೆ ಈ ಊರಿನವರೇ ಒಬ್ಬರಿದ್ದಾರೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಿಗೆ ಬೊಂಬಾಯಿಯ ಜೆ.ಜೆ. ಕಲಾಶಾಲೆಯಲ್ಲಿ ಸೀಟು ಸಿಗಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದಿದರು, ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು, ಕನ್ನಡದ ‘ಕೊರವಂಜಿ’ ಪತ್ರಿಕೆಗೆ ಬರೆದರು, ಆಮೇಲೆ ಬೊಂಬಾಯಿಯ ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಕಾರರಾದರು. 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗೆ ಗಟ್ಟು ಎಂಬ ಹುಡುಗನನ್ನು ಬರೆದುಕೊಟ್ಟರು. ಕಣ್ಣಿನ ಮೇಲೆ ಬೀಳುವ ಕೂದಲು, ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಬ್ರಷ್. ದಶಕಗಳ ಕಾಲ ಡಬ್ಬಿಯ ಮೇಲೂ ಜಾಹೀರಾತಿನಲ್ಲೂ ಅವನಿದ್ದ. ಪತ್ರಿಕೆಯ ಒರಟು ಕಾಗದದ ಮೇಲೆ ಚಿಕ್ಕ ಅಳತೆಯಲ್ಲಿ ಅಚ್ಚಾದರೂ ಕೆಡದಂಥ ರೇಖೆ ಕೈಗೆ ಹತ್ತಿದವರಿಗೆ, ಚಿಕ್ಕದು ಮಾಡಿದರೂ ದೊಡ್ಡದು ಮಾಡಿದರೂ ಗುರುತು ಸಿಗುವ ಲಾಂಛನ ಬರೆಯುವುದು ಕಷ್ಟವಾಗುವುದಿಲ್ಲ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಕೆಲಸಕ್ಕೆ ಬರುವುದು ಹೀಗೆ.

ಬೋರ್ಡ್ ಬರೆಯುತ್ತಿದ್ದವರು ತರುವ ಆಸ್ತಿ ಕಣ್ಣಳತೆ. ಸೀಮೆಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹೊಡೆದು, ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕು, ಠ ಮತ್ತು ರ ಪಕ್ಕಪಕ್ಕ ಬಂದಾಗ ಎಷ್ಟು ಹತ್ತಿರ ತರಬೇಕು ಎಂಬುದನ್ನು ಅವರು ಅಳೆಯದೆ ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಶುರುಮಾಡಿದವರಿಗೆ ಇದು ಬರಲು ವರ್ಷಗಳು ಬೇಕು. ಅವರಿಗೆ ಅಡ್ಡ ಬರುವ ಅಭ್ಯಾಸ ಎಂದರೆ ಬೋರ್ಡಿನ ಅಂಚಿನವರೆಗೂ ತುಂಬುವುದು, ಪ್ರತಿ ಅಕ್ಷರಕ್ಕೂ ಔಟ್‌ಲೈನ್ ಮತ್ತು ನೆರಳು ಕೊಡುವುದು. ಮೂವತ್ತು ಅಡಿ ದೂರದಿಂದ ಓದಲು ಅದು ಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ಅದೇ ಔಟ್‌ಲೈನು ಅಕ್ಷರದ ಹೊಟ್ಟೆಯನ್ನು ಮುಚ್ಚಿಬಿಡುತ್ತದೆ.

ಅಚ್ಚುಕಲೆಯಿಂದ ಬಂದವರಿಗೆ ಅರ್ಧ ಪಾಠ ಮೊದಲೇ ಆಗಿರುತ್ತದೆ. ಒಂದು ಬಣ್ಣಕ್ಕೆ ಒಂದು ಪ್ಲೇಟು, ಪ್ಲೇಟು ಕೂದಲೆಳೆಯಷ್ಟು ಸರಿದರೂ ರಿಜಿಸ್ಟ್ರೇಶನ್, ಅಂದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು, ತಪ್ಪುತ್ತದೆ ಎಂಬುದು ಅವರ ಕೈಗೇ ಗೊತ್ತು. ಸಯಾನ್ (ತಿಳಿನೀಲಿ), ಮಜೆಂಟ (ಗುಲಾಬಿಗೆಂಪು), ಹಳದಿ, ಕಪ್ಪು ಎಂಬ ಅಚ್ಚಿನ ನಾಲ್ಕು ಬಣ್ಣ ಸೇರಿದ ಗಾಢ ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರ ಕೊರೆಯಬೇಡಿ ಎಂದರೆ ಏಕೆ ಎಂದು ಅವರು ಕೇಳುವುದಿಲ್ಲ. ಬೇರೆಯವರಿಗೆ ಕಾರಣ ಹೇಳಬೇಕು: ಯಾವುದೋ ಒಂದು ಪ್ಲೇಟು 0.1 ಮಿ.ಮೀ. ಸರಿದರೆ ಸಾಕು, ಆ ಬಣ್ಣ ಬಿಳಿ ಅಕ್ಷರದೊಳಗೆ ನುಗ್ಗುತ್ತದೆ. ಕನ್ನಡದ ಅಕ್ಷರಗಳ ಒಳಗಿನ ಖಾಲಿ ಜಾಗ ಮೊದಲೇ ಚಿಕ್ಕದು. 9 ಪಾಯಿಂಟಿಗಿಂತ ಕೆಳಗಿನ ಕನ್ನಡ ಅಕ್ಷರವನ್ನು ನಾಲ್ಕು ಬಣ್ಣದ ಹಿನ್ನೆಲೆಯಲ್ಲಿ ಬಿಳಿಯಾಗಿ ಬಿಡದಿರುವುದೇ ಕ್ಷೇಮ.

ಸ್ಟುಡಿಯೊದಿಂದ ಬಂದವರಿಗೆ ಮುಖದ ಬಣ್ಣ, ಬೆಳಕು ಚೆನ್ನಾಗಿ ಗೊತ್ತಿರುತ್ತದೆ. ಜೆಪೆಗ್ ಫೈಲನ್ನೇ ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸುವ ಚಾಳಿ ಅವರನ್ನು ಬಿಡುವುದಿಲ್ಲ. ಪ್ರತಿ ಸಲ ಉಳಿಸಿದಾಗಲೂ ಚಿತ್ರ ಸ್ವಲ್ಪ ಸವೆಯುತ್ತದೆ. ತಿದ್ದುವುದನ್ನೆಲ್ಲ ಲೇಯರ್ (ಒಂದರ ಮೇಲೊಂದು ಇಡುವ ಪದರ) ಇರುವ ಪಿಎಸ್‌ಡಿ ಅಥವಾ ಟಿಫ್‌ನಲ್ಲಿ ಮಾಡಿ, ಜೆಪೆಗ್ ಕೊನೆಯಲ್ಲಿ ಒಮ್ಮೆ ಸಾಕು.

ಇನ್ನು ಸಾಂಪ್ರದಾಯಿಕ ಚಿತ್ರ ಬರೆಯುವವರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೈಸೂರಿನಲ್ಲಿ ಆಮಂತ್ರಣ ಪತ್ರಿಕೆ, ಕ್ಯಾಲೆಂಡರ್, ಸಿಹಿತಿಂಡಿಯ ಬಾಕ್ಸ್ ಯಾವುದೇ ಇರಲಿ, ಮೈಸೂರು ಶೈಲಿಯ ಚಿತ್ರ ಹಾಕಿಕೊಡಿ ಎಂದು ಕೇಳುವವರು ಬಹಳ. ಗೆಸ್ಸೊ ಎಂಬ ಉಬ್ಬು ಲೇಪ ಎಬ್ಬಿಸಿ, ಚಿನ್ನದ ರೇಕು ಕೂರಿಸಿದ ಚಿತ್ರವನ್ನು ಹಾಗೇ ಸ್ಕ್ಯಾನರಿನ ಮೇಲೆ ಮಗುಚಿಟ್ಟರೆ ಚಿನ್ನ ಇರುವ ಕಡೆಯೆಲ್ಲ ಕಂದು, ಕೆಲವು ಕಡೆ ಕಪ್ಪೇ ಬರುತ್ತದೆ. ಕಾರಣ ಸರಳ. ರೇಕು ಕನ್ನಡಿಯ ಹಾಗೆ ನಡೆದುಕೊಳ್ಳುತ್ತದೆ. ಸ್ಕ್ಯಾನರಿನ ದೀಪ ಓರೆಯಾಗಿ ಬೀಳುತ್ತದೆ, ರೇಕು ಆ ಬೆಳಕನ್ನು ಆಚೆ ಕಡೆಗೆ ಚಿಮ್ಮಿಸುತ್ತದೆ, ಸೆನ್ಸರಿಗೆ ಏನೂ ತಲುಪುವುದಿಲ್ಲ. ಗೆಸ್ಸೊದ ಉಬ್ಬು ಗಾಜಿಗೆ ಉಜ್ಜಿ ಮೂಲ ಚಿತ್ರವೂ ಹಾಳಾಗಬಹುದು.

ಇದನ್ನು ಫೋಟೊ ತೆಗೆದೇ ಮಾಡಬೇಕು. ಚಿತ್ರವನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಚಿತ್ರದ ನಟ್ಟನಡುವಿಗೆ ಸರಿಯಾಗಿ ಸಮಾನಾಂತರ ಇಡಿ. ಎರಡು ದೀಪ ಎರಡು ಕಡೆಯಿಂದ 45 ಡಿಗ್ರಿಯಲ್ಲಿ ಬೀಳಲಿ. ಇದು ಬಣ್ಣಕ್ಕಾಗಿ ತೆಗೆಯುವ ಚಿತ್ರ, ಇದರಲ್ಲಿ ಚಿನ್ನ ಮಂಕಾಗಿಯೇ ಇರುತ್ತದೆ. ಕ್ಯಾಮೆರಾ ಕದಲಿಸದೆ, ದೀಪಗಳನ್ನು ಒಂದು ದೊಡ್ಡ ಬಿಳಿ ಥರ್ಮಾಕೋಲ್ ಹಾಳೆಗೆ ತಿರುಗಿಸಿ, ಆ ಹಾಳೆಯ ಪ್ರತಿಬಿಂಬ ರೇಕಿನಲ್ಲಿ ಕಾಣುವ ಹಾಗೆ ಹಿಡಿದು ಎರಡನೇ ಚಿತ್ರ ತೆಗೆಯಿರಿ. ಈಗ ಚಿನ್ನ ಹೊಳೆಯುತ್ತದೆ, ಬಣ್ಣ ತೆಳುವಾಗುತ್ತದೆ. ಫೋಟೋಶಾಪಿನಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು, ಮಾಸ್ಕ್ ಹಾಕಿ, ಮೊದಲನೆಯದರಿಂದ ಬಣ್ಣ, ಎರಡನೆಯದರಿಂದ ಚಿನ್ನ ತೆಗೆದುಕೊಳ್ಳಬೇಕು.

ಅಷ್ಟಾದರೂ ನಾಲ್ಕು ಬಣ್ಣದ ಆಫ್‌ಸೆಟ್ಟಿನಲ್ಲಿ ಚಿನ್ನ ಬರುವುದಿಲ್ಲ, ಚಿನ್ನದಂತೆ ಕಾಣುವ ಓಕರ್, ಅಂದರೆ ಮಣ್ಣಿನ ಹಳದಿ, ಬರುತ್ತದೆ. ಹೊಳಪು ಬೇಕೇ ಬೇಕು ಎಂದರೆ ಎರಡು ದಾರಿ: ಐದನೇ ಬಣ್ಣವಾಗಿ ಪ್ಯಾಂಟೋನ್ 871ರಂಥ ಲೋಹದ ಶಾಯಿ, ಇಲ್ಲವೇ ಬಿಸಿ ಅಚ್ಚಿನಿಂದ ಒತ್ತಿ ಕೂರಿಸುವ ಲೋಹದ ಹೊಳಪಿನ ಪದರ, ಅಂದರೆ ಫಾಯಿಲ್. ಫಾಯಿಲ್ಲಿಗೆ ಬೇರೆ ಫೈಲು ಬೇಕು, ವೆಕ್ಟರ್ (ಪಿಕ್ಸೆಲ್ ಅಲ್ಲದ, ಎಷ್ಟು ಹಿಗ್ಗಿಸಿದರೂ ಒಡೆಯದ ರೇಖೆ) ಆಗಿರಬೇಕು, ಶುದ್ಧ ಶೇ. 100 ಕಪ್ಪಿನಲ್ಲಿರಬೇಕು. 0.3 ಮಿ.ಮೀ.ಗಿಂತ ಸಣ್ಣ ಗೆರೆ ಫಾಯಿಲಿನಲ್ಲಿ ಅಲ್ಲಲ್ಲಿ ಕಿತ್ತುಹೋಗುತ್ತದೆ, ಅಷ್ಟೇ ಸಣ್ಣ ಸಂದು ತುಂಬಿಕೊಂಡುಬಿಡುತ್ತದೆ. ದೇವಿಯ ಆಭರಣದ ಪ್ರತಿ ಮಣಿಗೂ ಫಾಯಿಲ್ ಹಾಕಲು ಹೋದರೆ ಕೈಗೆ ಬರುವುದು ಒಂದು ಮುದ್ದೆ. ಪ್ರಭಾವಳಿ, ಕಿರೀಟದ ಅಂಚು, ಸೀರೆಯ ಜರಿಯ ಪಟ್ಟಿ, ಇಷ್ಟನ್ನು ಆರಿಸಿಕೊಳ್ಳಿ. ಮಣಿಗಳನ್ನು ಓಕರ್ ಬಣ್ಣದಲ್ಲೇ ಬಿಡಿ. ಫಾಯಿಲ್ ಅರ್ಧ ಮಿ.ಮೀ. ಅತ್ತಿತ್ತ ಸರಿಯುವುದು ಸಹಜ. ಆದ್ದರಿಂದ ಫಾಯಿಲಿನ ಅಡಿಯಲ್ಲಿ ಅದೇ ಆಕಾರದ ಓಕರ್ ಬಣ್ಣ ಕೊಟ್ಟಿದ್ದರೆ ಸರಿದರೂ ಬಿಳಿ ಇಣುಕುವುದಿಲ್ಲ. ಯಾವುದನ್ನು ಬಿಡಬೇಕು ಎಂದು ಆರಿಸಲು ಚಿತ್ರ ಬರೆದು ಗೊತ್ತಿರುವ ಕಣ್ಣೇ ಬೇಕು. ಸಾಫ್ಟ್‌ವೇರ್ ಮಾತ್ರ ಕಲಿತವರಿಗೆ ಇದು ಹೊಳೆಯುವುದಿಲ್ಲ.

ಜಲವರ್ಣ, ಪೆನ್ಸಿಲ್, ಇಂಕಿನ ಚಿತ್ರಗಳಿಗೆ ಸ್ಕ್ಯಾನರ್ ಸಾಕು. ಲೆಕ್ಕ ಹೀಗೆ: ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಬೇಕು. 10 ಸೆಂ.ಮೀ. ಅಗಲದ ಚಿತ್ರವನ್ನು 20 ಸೆಂ.ಮೀ.ಗೆ ಹಿಗ್ಗಿಸುವುದಾದರೆ 600ರಲ್ಲಿ ಸ್ಕ್ಯಾನ್ ಮಾಡಬೇಕು. ಬರೀ ಕಪ್ಪು ಇಂಕಿನ ರೇಖಾಚಿತ್ರವಾದರೆ 1200, ಬೂದು ಛಾಯೆ ಇಲ್ಲದೆ ಶುದ್ಧ ಕಪ್ಪು ಬಿಳುಪಾಗಿ. 300ರಲ್ಲಿ ಬೂದಾಗಿ ಸ್ಕ್ಯಾನ್ ಮಾಡಿದ ರೇಖೆಯ ಅಂಚು ಅಚ್ಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಒಡೆಯುತ್ತದೆ. ಜಲವರ್ಣದಲ್ಲಿ ತೀರಾ ತೆಳು ವಾಶ್ ಸ್ಕ್ಯಾನರಿನಲ್ಲೇ ಅರ್ಧ ಮಾಯವಾಗುತ್ತದೆ, ಉಳಿದದ್ದರಲ್ಲಿ, ಛಾಯೆ ತೋರಿಸಲು ಅಚ್ಚಿನಲ್ಲಿ ಬೀಳುವ ಚುಕ್ಕೆ ಶೇ. 3ಕ್ಕಿಂತ ಕಡಿಮೆಯಾಗಿದ್ದರೆ ಪ್ಲೇಟಿನಲ್ಲಿ ನಿಲ್ಲುವುದಿಲ್ಲ. ಅಚ್ಚಿಗೆಂದೇ ಬರೆಯುವಾಗ ವಾಶ್ ಅನ್ನು ಸ್ವಲ್ಪ ಗಟ್ಟಿಯಾಗಿಯೇ ಹಾಕಿ.

ಬಣ್ಣದಲ್ಲಿ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಪಟ್ಟಿ ಮನಸ್ಸಿನಲ್ಲಿರಲಿ. ಅರಿಶಿನದ ಹಳದಿ ಚೆನ್ನಾಗಿ ಬರುತ್ತದೆ. ಕುಂಕುಮದ ಕೆಂಪು ಮಜೆಂಟ ಶೇ. 100, ಹಳದಿ ಶೇ. 100 ಕೊಟ್ಟರೆ ಬರುತ್ತದೆ. ಉಜ್ವಲ ಕಿತ್ತಳೆ, ಗಿಳಿ ಹಸಿರು, ನವಿಲಿನ ಕತ್ತಿನ ನೀಲಿ ಪರದೆಯ ಮೇಲೆ ಕಂಡಂತೆ ಬರುವುದೇ ಇಲ್ಲ. ಕಡುನೀಲಿಗೆ ಸಯಾನ್ 100, ಮಜೆಂಟ 100 ಹಾಕಿದರೆ ಕಾಗದದ ಮೇಲೆ ನೇರಳೆ ಬರುತ್ತದೆ. ಮಜೆಂಟ ಸಯಾನಿಗಿಂತ ಕನಿಷ್ಠ 30 ಅಂಕ ಕೆಳಗಿರಲಿ. ಅಕ್ಷರದ ಕಪ್ಪು ಬರೀ ಕಪ್ಪು ಶೇ. 100 ಆಗಿರಬೇಕು, ಬೇರೆ ಮೂರು ಸೊನ್ನೆ. ಫೋಟೋಶಾಪಿನ ಕಪ್ಪನ್ನು ಹಾಗೇ ತಂದರೆ ನಾಲ್ಕೂ ಬಣ್ಣ ಸೇರಿ ಅಕ್ಷರದ ಅಂಚಿಗೆ ಕೆಂಪು ನೀಲಿ ಝಾಲರಿ ಕಟ್ಟುತ್ತದೆ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಸಯಾನ್ 40, ಮಜೆಂಟ 30, ಹಳದಿ 30, ಕಪ್ಪು 100 ಹೊಂದುತ್ತದೆ. ನಾಲ್ಕರ ಅಂಕವೂ ಸೇರಿ ನುಣುಪಾದ ಆರ್ಟ್ ಪೇಪರಿನಲ್ಲಿ 300, ಪುಸ್ತಕದ ಒಳಪುಟಕ್ಕೆ ಬಳಸುವ ಮ್ಯಾಪ್‌ಲಿಥೊದಲ್ಲಿ 260 ದಾಟದಿರಲಿ. ದಾಟಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ, ಇಡೀ ರಾಶಿ ಕೆಡುತ್ತದೆ.

ಈಗ ಕನ್ನಡ ಅಕ್ಷರ. ಚಿತ್ರ ಎಷ್ಟೇ ಚೆನ್ನಾಗಿರಲಿ, ಅಕ್ಷರ ಕೆಟ್ಟರೆ ಕೆಲಸ ಕೆಟ್ಟಂತೆಯೇ. ಚಿತ್ರಕಾರರು ಅಕ್ಷರವನ್ನು ಕೊನೆಗೆ, ಉಳಿದ ಜಾಗದಲ್ಲಿ ತುರುಕುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಅಕ್ಷರದಿಂದಲೇ ಶುರುಮಾಡಿ.

ಸಾಫ್ಟ್‌ವೇರು ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದಳತೆಯ ಶೇ. 120. ಅದು ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಮೇಲೆ ಗುಡಿಸು, ತಲೆಕಟ್ಟು, ಕೆಳಗೆ ಒತ್ತು. ‘ರಾಷ್ಟ್ರ’, ‘ಸ್ತ್ರೀ’ ಎಂಬ ಪದಗಳಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಅದರ ಕೆಳಗಿನ ಸಾಲಿನಲ್ಲಿ ‘ಕೀ’ ಅಥವಾ ‘ತಿ’ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. 11 ಪಾಯಿಂಟ್ ಅಕ್ಷರಕ್ಕೆ 16ರಿಂದ 17 ಪಾಯಿಂಟ್ ಅಂತರ ಕೊಡಿ. ಎರಡು ಸಾಲಿನ ಶೀರ್ಷಿಕೆಯನ್ನು ಮಾತ್ರ ಲೆಕ್ಕಕ್ಕೆ ಬಿಡದೆ ಕಣ್ಣಿನಿಂದ ಹೊಂದಿಸಿ: ಮೇಲಿನ ಸಾಲಿನಲ್ಲಿ ಒತ್ತೇ ಇಲ್ಲದಿದ್ದರೆ ಹತ್ತಿರ ತನ್ನಿ, ಇದ್ದರೆ ಬಿಡಿಸಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಬಳಸಿ ಪದವನ್ನು ಎತ್ತಿ ತೋರಿಸುವ ಉಪಾಯ ನಮಗಿಲ್ಲ. ಅಳತೆ, ದಪ್ಪ, ಬಣ್ಣ ಈ ಮೂರರಿಂದಲೇ ಮೇಲು ಕೆಳಗು ತೋರಿಸಬೇಕು. ಕನ್ನಡವನ್ನು ಓರೆಯಾಗಿ ಬಾಗಿಸಿ ಇಟಾಲಿಕ್ ಮಾಡುವುದನ್ನು ದಯವಿಟ್ಟು ಬಿಡಿ, ದುಂಡು ಅಕ್ಷರಗಳು ವಕ್ರವಾಗಿ ಕಾಣುತ್ತವೆ.

ಫಾಂಟಿನ ಗೊಂದಲ ಇನ್ನೂ ಮುಗಿದಿಲ್ಲ. ಹಳೆಯ ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಓದಲಾಗದ ಚಿಹ್ನೆಗಳು ಕಾಣುತ್ತವೆ. ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸುವುದು ಯೂನಿಕೋಡ್, ಅನೇಕ ಪ್ರೆಸ್ಸುಗಳಲ್ಲಿ ಬಳಸುವುದು ನುಡಿ. ನಡುವೆ ಕನ್ವರ್ಟರ್. ಪರಿವರ್ತನೆಯಲ್ಲಿ ಮೊದಲು ಕೆಡುವುದು ಎರಡು. ಒಂದು ಅರ್ಕಾವತ್ತು: ‘ಸೂರ್ಯ’, ‘ಅರ್ಥ’ ಇವುಗಳನ್ನು ಹುಡುಕಿ ನೋಡಿ. ಇನ್ನೊಂದು ‘ಬ್ಯಾಂಕ್‌ನಲ್ಲಿ’ ಎಂಬಂಥ ಪದ. ಕ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದು ಬಿದ್ದುಹೋದರೆ ‘ಬ್ಯಾಂಕ್ನಲ್ಲಿ’ ಎಂದು ನ ಒತ್ತಾಗಿಬಿಡುತ್ತದೆ. ಕರಡು ತಿದ್ದುವವರು ಮೂಲವನ್ನು ತಿದ್ದಿದ್ದರೂ ಪರಿವರ್ತನೆಯಾದ ಮೇಲೆ ಇನ್ನೊಂದು ಸಲ ಓದಲೇಬೇಕು. ಇಲ್ಲಸ್ಟ್ರೇಟರ್, ಇನ್‌ಡಿಸೈನ್ ಬಳಸುವವರು ಕಾಂಪೋಸರ್ ಸೆಟ್ಟಿಂಗನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಹೊಂದುವುದಕ್ಕೆ ಬದಲಿಸದಿದ್ದರೆ ಒತ್ತುಗಳು ಬೇರ್ಪಟ್ಟು ಪಕ್ಕದಲ್ಲಿ ನಿಲ್ಲುತ್ತವೆ. ಹೊಸ ಫಾಂಟ್ ಸಿಕ್ಕಾಗ ಮೊದಲು ‘ರಾಷ್ಟ್ರ, ಸ್ತ್ರೀ, ಕೃಷ್ಣ, ಜ್ಞಾನ, ಕ್ಷೌರ, ಸೂರ್ಯ’ ಎಂದು ಟೈಪ್ ಮಾಡಿ ನೋಡಿ. ಇವು ಸರಿ ಇದ್ದರೆ ಬಹುಪಾಲು ಸರಿ ಇರುತ್ತದೆ. ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟುಗಳಲ್ಲಿ ಪುಸ್ತಕದ ಓದಿಗೆ ತಿರೋ ಕನ್ನಡ, ಹಲವು ದಪ್ಪಗಳು ಬೇಕಾದಲ್ಲಿ ಅನೇಕ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ ಅಥವಾ ಅಕಾಯ ಕನಡಕ ಎಂದು ಶುರುಮಾಡಬಹುದು.

ಕೈಬರಹದ ಶೀರ್ಷಿಕೆ ಬರೆಯಬಲ್ಲವರು ಅದನ್ನು ಬಿಡಬೇಡಿ. ಪುಸ್ತಕದ ಮುಖಪುಟಕ್ಕೆ, ನಾಟಕದ ಪೋಸ್ಟರಿಗೆ ಇವತ್ತಿಗೂ ಅದಕ್ಕೆ ಬೆಲೆಯಿದೆ. ಅಚ್ಚಿನ ಅಳತೆಗಿಂತ ಎರಡು ಮೂರು ಪಟ್ಟು ದೊಡ್ಡದಾಗಿ ಬರೆದು, 1200ರಲ್ಲಿ ಸ್ಕ್ಯಾನ್ ಮಾಡಿ, ವೆಕ್ಟರ್ ಮಾಡಿ. ತಾನಾಗಿ ಟ್ರೇಸ್ ಮಾಡುವ ಗುಂಡಿ ಒತ್ತಿದರೆ ಒಂದು ಅಕ್ಷರಕ್ಕೆ ನೂರಾರು ಬಿಂದುಗಳು ಬಿದ್ದು ಅಂಚು ನಡುಗಿದಂತಾಗುತ್ತದೆ. ವಕ್ರರೇಖೆಯ ತುತ್ತತುದಿಗಳಲ್ಲಿ ಮಾತ್ರ ಬಿಂದು ಇಟ್ಟು ಕೈಯಿಂದಲೇ ಎಳೆಯಿರಿ. ಒಣ ಬ್ರಷ್ಷಿನ ಒರಟು ಅಂಚೇ ಚೆಂದ ಎನಿಸುವ ಕಡೆ ಮಾತ್ರ ಅದನ್ನು ವೆಕ್ಟರ್ ಮಾಡದೆ ಕಪ್ಪು ಬಿಳುಪಿನ ಟಿಫ್ ಆಗಿಯೇ ಬಿಡಿ.

ಪುಸ್ತಕದ ಕೆಲಸದಲ್ಲಿ ಕನ್ನಡದ ಬಹುಪಾಲು ಪುಸ್ತಕಗಳು ಡೆಮಿ 1/8, ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದ. ಒಳಗೆ 70 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಪ್‌ಲಿಥೊ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್. ಬೆನ್ನಿನ ಅಗಲ ಊಹಿಸಬೇಡಿ. 200 ಪುಟ ಎಂದರೆ 100 ಹಾಳೆ, ಹೆಚ್ಚು ಕಡಿಮೆ 9 ಮಿ.ಮೀ. ಬರಬಹುದು, ಆದರೆ ಕಾಗದದ ಗಿರಣಿ ಬದಲಾದರೆ ದಪ್ಪವೂ ಬದಲಾಗುತ್ತದೆ. ಪ್ರೆಸ್ಸಿನವರಿಂದ ಅದೇ ಕಾಗದದ ಖಾಲಿ ಡಮ್ಮಿ ಕೇಳಿ ಅಳೆಯಿರಿ. ಕಾಗದದ ನಾರು ಬೆನ್ನಿಗೆ ಸಮಾನಾಂತರ ಇರಬೇಕು, ಇಲ್ಲದಿದ್ದರೆ ಮಡಿಸಿದಲ್ಲಿ ಬೋರ್ಡ್ ಸೀಳಿ ಬಿಳಿ ಗೆರೆ ಏಳುತ್ತದೆ.

ನಮ್ಮ ಭಾಗದಲ್ಲಿ ಹೊಸಬರಿಗೆ ಹೆಚ್ಚು ಕೆಲಸ ಸಿಗುವುದು ಪ್ಯಾಕಿಂಗಿನಲ್ಲಿ. ಸೈಕಲ್ ಬ್ರ್ಯಾಂಡಿನ ರಂಗರಾವ್ ಸಂಸ್ಥೆ 1948ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ಅದರಾಚೆ ಸಣ್ಣ ಅಗರಬತ್ತಿ ತಯಾರಕರು, ಮಂಡ್ಯದ ಬೆಲ್ಲದವರು, ಮೈಸೂರು ಪಾಕಿನವರು. ಬಾಕ್ಸ್ ಎಂದರೆ ಮೊದಲು ಚಿತ್ರ ಬರೆಯಬೇಡಿ. ಅದೇ ಬೋರ್ಡಿನಲ್ಲಿ ಖಾಲಿ ಬಾಕ್ಸ್ ಮಡಿಸಿ, ಒಳಗೆ ಸರಕು ಇಟ್ಟು, ಮುಚ್ಚಿ ನೋಡಿ. ಆಮೇಲೆ ಡೈಲೈನ್, ಅಂದರೆ ಬಾಕ್ಸನ್ನು ಕತ್ತರಿಸುವ, ಮಡಿಸುವ ಗೆರೆಗಳನ್ನು, ಬೇರೆ ಲೇಯರಿನಲ್ಲಿ ಹಾಕಿಕೊಂಡು ಕೆಲಸ ಶುರುಮಾಡಿ. ಅಂಟು ಹಚ್ಚುವ ಪಟ್ಟಿ 10ರಿಂದ 15 ಮಿ.ಮೀ. ಖಾಲಿ ಇರಬೇಕು: ಅಲ್ಲಿ ಶಾಯಿಯೂ ಬೇಡ, ವಾರ್ನಿಶ್ಶೂ ಬೇಡ, ಲ್ಯಾಮಿನೇಶನ್ನೂ ಬೇಡ, ಇದ್ದರೆ ಅಂಟು ಹಿಡಿಯದೆ ಬಾಕ್ಸ್ ಅಂಗಡಿಯಲ್ಲೇ ಬಾಯಿ ಬಿಡುತ್ತದೆ. ಅಗರಬತ್ತಿಯ ಸುಗಂಧ ತೈಲ ಬೋರ್ಡಿಗೆ ಇಳಿದು ಕಲೆ ಬೀಳುತ್ತದೆ, ಒಳಗೆ ಪ್ರತ್ಯೇಕ ಕವರ್ ಇದೆಯೇ ಎಂದು ಕೇಳಿ. ಬೆಲ್ಲ ಮಳೆಗಾಲದಲ್ಲಿ ತೇವ ಎಳೆದುಕೊಂಡು ಜಿನುಗುತ್ತದೆ, ಕಾಗದದ ಲೇಬಲ್ ಉಳಿಯುವುದಿಲ್ಲ. ಪ್ಲಾಸ್ಟಿಕ್ ಫಿಲ್ಮಿನ ಸ್ಟಿಕ್ಕರ್ ಹೇಳಿ.

ಬಾರ್‌ಕೋಡ್ ಚಿತ್ರಕಾರರಿಗೆ ಕಣ್ಣಿನಲ್ಲಿ ಕಸ. ಆದರೂ ಅದಕ್ಕೆ ತಕ್ಕ ಜಾಗ ಕೊಡಬೇಕು. 13 ಅಂಕಿಯ ಕೋಡಿನ ಪೂರ್ಣ ಅಳತೆ 37.29 x 25.93 ಮಿ.ಮೀ., ಶೇ. 80ಕ್ಕಿಂತ ಕುಗ್ಗಿಸುವಂತಿಲ್ಲ. ಕೆಂಪು ಪಟ್ಟಿಗಳ ಬಾರ್‌ಕೋಡ್ ಓದುವುದಿಲ್ಲ, ಏಕೆಂದರೆ ಸ್ಕ್ಯಾನರಿನ ಕೆಂಪು ಬೆಳಕಿಗೆ ಕೆಂಪೂ ಬಿಳಿಯೂ ಒಂದೇ. ತೂಕ, ಬೆಲೆ, ತಯಾರಕರ ವಿಳಾಸ, ತಿಂಗಳು ವರ್ಷ ಇವೆಲ್ಲ 2011ರ ಪ್ಯಾಕೇಜ್ ಸರಕುಗಳ ನಿಯಮದಂತೆ ಇರಲೇಬೇಕು, ಅಕ್ಷರದ ಕನಿಷ್ಠ ಎತ್ತರವೂ ಅದರಲ್ಲೇ ನಿಗದಿಯಾಗಿದೆ. ನಿಯಮದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಈ ಜಾಗವನ್ನು ಮೊದಲು ಗುರುತು ಹಾಕಿ, ಉಳಿದದ್ದು ನಿಮ್ಮ ಚಿತ್ರಕ್ಕೆ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿನ ಡಿಟಿಪಿಗಳಲ್ಲಿ ಕೋರೆಲ್ ಡ್ರಾ ಓಡುತ್ತದೆ, ದೊಡ್ಡ ಸಂಸ್ಥೆಗಳಲ್ಲಿ ಇಲ್ಲಸ್ಟ್ರೇಟರ್. ಕೊಳ್ಳಲಾಗದವರು ಇಂಕ್‌ಸ್ಕೇಪ್, ಸ್ಕ್ರೈಬಸ್‌ನಿಂದ ಶುರುಮಾಡಿ. ಒಂದು ವೆಕ್ಟರ್, ಒಂದು ಚಿತ್ರ ತಿದ್ದುವುದು, ಒಂದು ಪುಟ ಕಟ್ಟುವುದು, ಮೂರು ಬಂದರೆ ಸಾಕು. ದುಬಾರಿ ಕೋರ್ಸಿಗೆ ಸೇರುವ ಮೊದಲು ಆರು ತಿಂಗಳು ಯಾವುದಾದರೂ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕಡಿಮೆ ಸಂಬಳಕ್ಕಾದರೂ ಸೇರಿ ಎಂದೇ ನಮ್ಮ ಸಲಹೆ. ಪ್ಲೇಟ್ ಹೇಗೆ ತಯಾರಾಗುತ್ತದೆ, ಬಣ್ಣ ಕೂರುವವರೆಗೆ ಎಷ್ಟು ಹಾಳೆ ವ್ಯರ್ಥವಾಗುತ್ತದೆ, ಕಟಿಂಗ್ ಮಶೀನು ಎಷ್ಟು ಸರಿಯುತ್ತದೆ ಎಂಬುದನ್ನು ಅಲ್ಲಿ ನಿಂತು ನೋಡಬೇಕು. ಕತ್ತರಿಸುವ ಗೆರೆಯಾಚೆಗೂ 3 ಮಿ.ಮೀ. ಚಿತ್ರ, ಅಂದರೆ ಬ್ಲೀಡ್, ಏಕೆ ಬಿಡಬೇಕು ಎಂದು ಆಮೇಲೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ದುಡ್ಡಿನ ಮಾತಿಗೆ ಕಲಾವಿದರು ಹಿಂಜರಿಯುತ್ತಾರೆ, ಅಲ್ಲಿಯೇ ಹೆಚ್ಚು ನಷ್ಟ. ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ಬೇರೆ ದರ, ಪ್ರೂಫಿನ ಮೇಲೆ ಗಿರಾಕಿಯ ಸಹಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಚಿತ್ರಕಾರರೆಲ್ಲ ಓದಬೇಕಾದದ್ದು. ಹಣ ಪಡೆದು ಒಬ್ಬರ ಕೋರಿಕೆಯ ಮೇಲೆ ಬರೆದ ಪೇಂಟಿಂಗ್, ತೆಗೆದ ಫೋಟೊ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕು ಬರೆಸಿದವರದ್ದೇ. ಸಂಬಳಕ್ಕಿದ್ದು ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕರದ್ದು. ಒಂದು ಕ್ಯಾಲೆಂಡರಿಗೆಂದು ಬರೆದ ದೇವಿಯ ಚಿತ್ರ ಮುಂದೆ ಸೀರೆ ಬಾಕ್ಸಿನ ಮೇಲೂ ಕಾಣಿಸಿಕೊಂಡರೆ ತಡೆಯಲು ಮೊದಲೇ ಬರೆದಿಟ್ಟ ಒಪ್ಪಂದ ಬೇಕು. 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಲೆಕ್ಕ. ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಎಲ್ಲಿಗೆ ಎಂದು ಮೂರು ಸಾಲು ಬರೆಯಲು ಹತ್ತು ನಿಮಿಷ ಸಾಕು.

ಕೊನೆಗೆ ಪ್ರೆಸ್ಸಿಗೆ ಫೈಲ್ ಕೊಡುವಾಗ ಅಕ್ಷರಗಳನ್ನೆಲ್ಲ ಕರ್ವ್ ಮಾಡಿದ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿ ಬದಲಿಸಿದ, ಪ್ರತಿ ಒಂದು, ತಿದ್ದಬಹುದಾದ ಪ್ರತಿ ನಿಮ್ಮ ಬಳಿ ಒಂದು. ಕರ್ವ್ ಮಾಡಿದ ಮೇಲೆ ಅಕ್ಷರ ತಪ್ಪು ತಿದ್ದಲಾಗದು, ಆದ್ದರಿಂದ ಎರಡನೆಯದನ್ನು ಎಂದೂ ಅಳಿಸಬೇಡಿ. ಚಿತ್ರಗಳೆಲ್ಲ ನಾಲ್ಕು ಬಣ್ಣದ ಮಾದರಿಯಲ್ಲಿವೆಯೇ, ಬ್ಲೀಡ್ ಇದೆಯೇ, ಫಾಯಿಲ್ ಮತ್ತು ಡೈ ಬೇರೆ ಬೇರೆ ಲೇಯರಿನಲ್ಲಿವೆಯೇ ನೋಡಿ, ಪಿಡಿಎಫ್ ಮಾಡಿ, ಅದೇ ಪಿಡಿಎಫ್ ಅನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಜೊತೆಗೆ ಕಳಿಸಿ. ಸಾಧ್ಯವಿದ್ದರೆ ಮೊದಲ ಹಾಳೆಗಳು ಹೊರಬರುವಾಗ ಮಶೀನಿನ ಪಕ್ಕದಲ್ಲಿ ನಿಲ್ಲಿ. ಪ್ಲೇಟಿನ ತಪ್ಪು ಆಗ ತಿದ್ದಲಾಗದಿದ್ದರೂ ಕೆಂಪು ಹೆಚ್ಚಾಯಿತು, ಹಳದಿ ಇಳಿಯಿತು ಎಂದು ಹೇಳಿದರೆ ಶಾಯಿ ತಿರುಗಿಸಿ ಸರಿಮಾಡುತ್ತಾರೆ. ಪ್ರೂಫ್ ಹಾಳೆ ಕೈಯಲ್ಲಿರಲಿ, ಬೆಳಕು ಟ್ಯೂಬ್‌ಲೈಟಿನದಾಗಿದ್ದರೆ ಒಂದು ಹಾಳೆಯನ್ನು ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿದ ಮೇಲೆಯೇ ಸಹಿ ಹಾಕಿ.